ಚಳಿಗೆ ಪುಡಿಯಾಗುವ ತವರ: ಕಲಾಯಿ ಪಾತ್ರೆಗೆ ನಿಜವಾದ ಅಪಾಯ ಎಲ್ಲಿಂದ?

ಪ್ರಶ್ನೆ: ನಾವಿರುವುದು ಕೆನಡಾದ ವಿನ್ನಿಪೆಗ್‌ನಲ್ಲಿ. ಮೂರು ವರ್ಷದ ಹಿಂದೆ ಶಿವಮೊಗ್ಗದಿಂದ ಹೊರಡುವಾಗ ಅಮ್ಮ ಒಂದು ಹಿತ್ತಾಳೆ ಕೊಳದಪ್ಪಲೆ, ಒಂದು ಸಣ್ಣ ತಪ್ಪಲೆ ಎರಡಕ್ಕೂ ಒಳಗೆ ಹೊಸದಾಗಿ ತವರದ ಕಲಾಯಿ ಹಾಕಿಸಿ ಕೊಟ್ಟರು. ಅತ್ತೆಯವರು ಸಾರು ಮಾಡಲೆಂದು ತಮ್ಮ ಹಳೆಯ ತವರದ ಚೊಂಬು ಕೊಟ್ಟರು. ಸಣ್ಣ ತಪ್ಪಲೆಯನ್ನು ವಾರಕ್ಕೆರಡು ಸಲ ಬಳಸುತ್ತೇನೆ. ಕೊಳದಪ್ಪಲೆ ಮತ್ತು ಚೊಂಬು ನ್ಯೂಸ್‌ಪೇಪರ್ ಸುತ್ತಿಕೊಂಡು ಎರಡು ಚಳಿಗಾಲ ಕಾರಿನ ಗ್ಯಾರೇಜಿನಲ್ಲೇ ಇದ್ದವು. ಅಲ್ಲಿ ಹೀಟರ್ ಇಲ್ಲ, ಜನವರಿಯಲ್ಲಿ ಮೈನಸ್ 30ರ ಚಳಿ. ಮೊನ್ನೆ ತೆಗೆದರೆ ಕೊಳದಪ್ಪಲೆಯ ಒಳಗೆ, ತಳದಲ್ಲಿ ಬೂದು ಬಣ್ಣದ ನುಣುಪಾದ ಮಚ್ಚೆಗಳು. ಕಂಠದ ಬಳಿ ಬಿಳಿ ಪುಡಿ, ಎರಡು ಕಡೆ ಹಸಿರು ಚುಕ್ಕೆ. ಚೊಂಬು ಮಂಕಾಗಿದೆ, ಅಷ್ಟೆ. ಚಳಿಗೆ ತವರ ಪುಡಿಯಾಗುತ್ತದೆ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ರೋಗದಂತೆ ಹರಡುತ್ತದೆ ಎಂದು ಓದಿ ಭಯವಾಯಿತು. ಊರಿನಲ್ಲಿ ಚಿಕ್ಕಪ್ಪ, 'ತವರಕ್ಕೆ ಚೂರು ಸೀಸ ಬೆರೆಸಿ ಕಲಾಯಿ ಹಾಕಿಸಿದರೆ ಚಳಿ ಏನೂ ಮಾಡುವುದಿಲ್ಲ' ಎನ್ನುತ್ತಾರೆ. ನಿಜವೇ? ಈ ಪಾತ್ರೆಗಳಲ್ಲಿ ಅಡುಗೆ ಮಾಡಬಹುದೇ? ಮಕ್ಕಳು ಚಿಕ್ಕವರು.

ಉತ್ತರ: ಮೊದಲು ತುರ್ತಿನದು. ಚಿಕ್ಕಪ್ಪನವರ ಸಲಹೆಯನ್ನು ಯಾವ ಕಾರಣಕ್ಕೂ ಪಾಲಿಸಬೇಡಿ. ವಿಚಿತ್ರವೆಂದರೆ ಅವರು ಹೇಳಿದ ರಸಾಯನಶಾಸ್ತ್ರ ಸರಿಯಾಗಿಯೇ ಇದೆ. ತವರದಲ್ಲಿ ಸೀಸವಿದ್ದರೆ ಅದು ಚಳಿಗೆ ಪುಡಿಯಾಗುವುದು ತಪ್ಪುತ್ತದೆ. ಆದರೆ ಅಡುಗೆ ಪಾತ್ರೆಯ ಒಳಮೈಗೆ ಸೀಸ ಸೇರಿದರೆ ಅದು ಹುಳಿ, ಸಾರಿನ ಜೊತೆ ಮಕ್ಕಳ ಹೊಟ್ಟೆಗೇ ಹೋಗುತ್ತದೆ. ಸೀಸಕ್ಕೆ 'ಇಷ್ಟಾದರೆ ಪರವಾಗಿಲ್ಲ' ಎನ್ನುವ ಮಟ್ಟ ಇಲ್ಲ, ಅದರಲ್ಲೂ ಬೆಳೆಯುವ ಮಕ್ಕಳಿಗೆ. ನಿಮ್ಮ ವಿವರಣೆ ನೋಡಿದರೆ ಕೊಳದಪ್ಪಲೆಗೆ ಆಗಿರುವುದು ಚಳಿಯ ರೋಗವಲ್ಲ. ಯಾಕೆ ಹಾಗೆನ್ನುತ್ತೇನೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಒಂದೇ ಧಾತುವಿನ ಪರಮಾಣುಗಳು ಬೇರೆ ಬೇರೆ ರೀತಿಯಲ್ಲಿ ಜೋಡಣೆಗೊಂಡು ಬೇರೆ ಬೇರೆ ಗುಣದ ವಸ್ತುಗಳಾಗುವುದಕ್ಕೆ ಬಹುರೂಪತೆ ಎನ್ನುತ್ತಾರೆ. ಪೆನ್ಸಿಲ್ಲಿನ ಗ್ರಾಫೈಟ್ ಮತ್ತು ವಜ್ರ ಎರಡೂ ಇಂಗಾಲವೇ ಎಂಬುದನ್ನು ಶಾಲೆಯಲ್ಲಿ ಓದಿರುತ್ತೀರಿ. ಗಾಳಿ ತಾಗಿದರೆ ಹೊತ್ತಿಕೊಳ್ಳುವ ವಿಷಕಾರಿ ಬಿಳಿ ರಂಜಕ, ಬೆಂಕಿಪೊಟ್ಟಣದ ಪಕ್ಕದ ಪಟ್ಟಿಯಲ್ಲಿ ಸುಮ್ಮನೆ ಕೂತಿರುವ ಕೆಂಪು ರಂಜಕ, ಇವೂ ಒಂದೇ ಧಾತು. ತವರಕ್ಕೂ ಹೀಗೆ ಎರಡು ಮುಖ್ಯ ರೂಪಗಳಿವೆ. ನಾವೆಲ್ಲ ಕಂಡಿರುವುದು ಬಿಳಿ ತವರ: ಬೆಳ್ಳಿಯಂಥ ಹೊಳಪು, ಉಗುರಿನಷ್ಟೇ ಮೆದು, ಬಾಗಿಸಿದರೆ ಬಾಗುತ್ತದೆ. ಇನ್ನೊಂದು ಬೂದು ತವರ. ಅದರ ಪರಮಾಣುಗಳ ಜೋಡಣೆ ವಜ್ರದ್ದೇ ಮಾದರಿ, ಆದರೆ ವಜ್ರದ ಗಟ್ಟಿತನ ಮಾತ್ರ ಇಲ್ಲ. ಬೆರಳಲ್ಲಿ ಹಿಸುಕಿದರೆ ಪುಡಿ.

ಇವೆರಡರ ನಡುವಿನ ಗಡಿ 13.2 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಮೇಲೆ ಬಿಳಿ ತವರ ಸ್ಥಿರ, ಕೆಳಗೆ ಬೂದು ತವರ ಸ್ಥಿರ. ಬಿಳಿ ತವರದ ಸಾಂದ್ರತೆ ಘನ ಸೆಂಟಿಮೀಟರಿಗೆ 7.29 ಗ್ರಾಂ, ಬೂದು ತವರದ್ದು 5.77. ಅಂದರೆ ಅಷ್ಟೇ ತೂಕದ ಲೋಹ ರೂಪ ಬದಲಿಸುವಾಗ ಗಾತ್ರದಲ್ಲಿ ಸುಮಾರು ಶೇ. 26 ಉಬ್ಬುತ್ತದೆ. ಲೋಹದೊಳಗೆ ಅಷ್ಟು ಉಬ್ಬಲು ಜಾಗವೆಲ್ಲಿ? ಮೇಲ್ಮೈಯಲ್ಲಿ ಬೊಕ್ಕೆಗಳೇಳುತ್ತವೆ, ಬಿರುಕು ಬಿಡುತ್ತವೆ, ಕೊನೆಗೆ ಉದುರುತ್ತವೆ. ಇದನ್ನೇ ಯುರೋಪಿನವರು ಟಿನ್ ಪೆಸ್ಟ್, ಅಂದರೆ ತವರದ ಪಿಡುಗು, ಎಂದು ಕರೆದರು. ಜರ್ಮನಿಯ ಝೈಟ್ಸ್ ಊರಿನ ಇಗರ್ಜಿಯ ಆರ್ಗನ್ ವಾದ್ಯದ ತವರದ ಕೊಳವೆಗಳಲ್ಲಿ ಇದು ಕಂಡದ್ದು 1851ರಲ್ಲಿ ವರದಿಯಾಯಿತು. 1867-68ರ ಕಡು ಚಳಿಗಾಲದಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದಾಸ್ತಾನಿಟ್ಟಿದ್ದ ತವರದ ಗಟ್ಟಿಗಳೇ ಪುಡಿಯಾದವು.

ಹಾಗಾದರೆ ಗಡಿ ದಾಟಿದ ಕೂಡಲೇ ಪಾತ್ರೆ ಹಾಳಾಗಬೇಕಲ್ಲ? ಆಗುವುದಿಲ್ಲ. ಬೆಂಗಳೂರಿನಲ್ಲೂ ಮಡಿಕೇರಿಯಲ್ಲೂ ಜನವರಿಯ ಬೆಳಗಿನ ಜಾವ 13 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಫ್ರಿಜ್ ಒಳಗೆ ವರ್ಷವಿಡೀ 4 ಡಿಗ್ರಿ. ಅಷ್ಟಕ್ಕೇ ಕಲಾಯಿ ಉದುರುವಂತಿದ್ದರೆ ಅಜ್ಜಿಯರ ಕಾಲದ ಪಾತ್ರೆ ಒಂದೂ ಉಳಿಯುತ್ತಿರಲಿಲ್ಲ. 13.2 ಎಂಬುದು ಬದಲಾವಣೆಗೆ ಬಾಗಿಲು ತೆರೆಯುವ ಉಷ್ಣತೆ, ಬದಲಾವಣೆ ನಡೆಯುವ ಉಷ್ಣತೆಯಲ್ಲ. ಗಡಿಯ ಹತ್ತಿರದಲ್ಲಿ ಅದು ಎಷ್ಟು ನಿಧಾನವೆಂದರೆ ಇಲ್ಲವೆಂದೇ ಹೇಳಬಹುದು. ವೇಗ ಅತಿ ಹೆಚ್ಚಿರುವುದು ಮೈನಸ್ 30ರಿಂದ ಮೈನಸ್ 40ರ ಆಸುಪಾಸಿನಲ್ಲಿ. ದುರದೃಷ್ಟಕ್ಕೆ ಅದು ನಿಮ್ಮ ಊರಿನ ಜನವರಿಯೇ. ಅಲ್ಲೂ ಮೊದಲ ಬೂದು ಕಣ ಹುಟ್ಟುವುದಕ್ಕೇ ತಿಂಗಳುಗಳು, ಎಷ್ಟೋ ಸಲ ವರ್ಷಗಳು ಹಿಡಿಯುತ್ತವೆ. ಹುಟ್ಟಿದ ಮೇಲೆ ಬೇಗ ಹಬ್ಬುತ್ತದೆ.

1812ರಲ್ಲಿ ನೆಪೋಲಿಯನ್ನನ ಸೈನಿಕರ ತವರದ ಗುಂಡಿಗಳು ರಷ್ಯಾದ ಚಳಿಗೆ ಪುಡಿಯಾಗಿ ಸೈನ್ಯ ಸೋತಿತು ಎಂಬ ಕಥೆಯನ್ನು ನೀವೂ ಓದಿರಬಹುದು. ಅದನ್ನು ನಂಬಲು ಆಧಾರವಿಲ್ಲ. ಮಾಸ್ಕೋದಿಂದ ಹಿಮ್ಮೆಟ್ಟಿದ್ದು ಎರಡು ತಿಂಗಳೊಳಗೆ ಮುಗಿದ ಘಟನೆ. ಆ ಕಾಲದ ತವರವೂ ಶುದ್ಧವಾಗಿರಲಿಲ್ಲ, ಗುಂಡಿಗಳಲ್ಲಿ ಹಿತ್ತಾಳೆಯವೂ ಮೂಳೆಯವೂ ಇದ್ದವು. ಅಂಟಾರ್ಕ್ಟಿಕಾದಲ್ಲಿ ಬ್ರಿಟಿಷ್ ಅನ್ವೇಷಕ ಕ್ಯಾಪ್ಟನ್ ಸ್ಕಾಟ್ ತಂಡದ, ತವರದಿಂದ ಬೆಸೆದ ಸೀಮೆಎಣ್ಣೆ ಡಬ್ಬಗಳು ಸೋರಿದ್ದಕ್ಕೂ ಇದೇ ಕಾರಣ ಹೇಳುತ್ತಾರೆ. ಮುಚ್ಚಳದ ಚರ್ಮದ ವಾಷರ್ ಹಾಳಾಗಿ ಎಣ್ಣೆ ಆವಿಯಾಯಿತು ಎಂಬ ವಿವರಣೆ ಅದಕ್ಕಿಂತ ಗಟ್ಟಿಯಾದದ್ದು.

ಹಾಗೆಂದು ಇದು ಬರೀ ಕಟ್ಟುಕಥೆಯೂ ಅಲ್ಲ. ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸದ ಬೆಸುಗೆಯನ್ನು ಯುರೋಪು 2006ರಿಂದ ನಿರ್ಬಂಧಿಸಿತು. ಅದಕ್ಕೂ ಮೊದಲೇ ಬ್ರಿಟನ್ನಿನ ಸಂಶೋಧಕರು ಸೀಸವಿಲ್ಲದ ಬದಲಿ ಬೆಸುಗೆಯಾಗಬಲ್ಲ, ಶೇ. 0.5 ತಾಮ್ರ ಸೇರಿದ ತವರದ ಮಾದರಿಗಳನ್ನು ಮೈನಸ್ 18 ಡಿಗ್ರಿಯಲ್ಲಿ, ಅಂದರೆ ಮನೆಯ ಫ್ರೀಜರಿನ ಚಳಿಯಲ್ಲಿ, ಇಟ್ಟು ನೋಡಿದರು. ಒಂದೂವರೆ ವರ್ಷದ ಹೊತ್ತಿಗೆ ಮೇಲ್ಮೈಯ ಸುಮಾರು ಶೇ. 40 ಬೂದು ತವರವಾಗಿತ್ತು. ಹಾಗಾಗಿ ನಿಮ್ಮ ಭಯ ಅಸಂಬದ್ಧವಲ್ಲ. ಗ್ಯಾರೇಜಿನಲ್ಲಿದ್ದ ಎರಡರಲ್ಲಿ ಯಾವುದಕ್ಕೆ ಅದು ಅನ್ವಯಿಸುತ್ತದೆ ಎಂಬುದೇ ಪ್ರಶ್ನೆ.

'ರೋಗದಂತೆ ಹರಡುತ್ತದೆ' ಎಂಬುದು ಅರ್ಧ ಸತ್ಯ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಬೂದು ತವರದ ಕಣವೊಂದು ಚಳಿಯಲ್ಲಿರುವ ಶುದ್ಧ ತವರಕ್ಕೆ ತಾಗಿದರೆ ಅಲ್ಲಿಂದ ಬದಲಾವಣೆ ಶುರುವಾಗಬಹುದು. ಆದರೆ ಈ ಹೆಪ್ಪು ಚಳಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಕುದಿಯುವ ನೀರು ಬಿದ್ದರೆ ಬೂದು ತವರ ಮತ್ತೆ ಬಿಳಿ ತವರವಾಗುತ್ತದೆ. ಪುಡಿಯಾದದ್ದು ಪುಡಿಯಾಗಿಯೇ ಉಳಿಯುತ್ತದೆ, ಗಟ್ಟಿಯಾಗಿ ಕೂಡಿಕೊಳ್ಳುವುದಿಲ್ಲ, ಆದರೆ ಹರಡುವ ಶಕ್ತಿ ಹೋಗುತ್ತದೆ. ವಾರಕ್ಕೆರಡು ಸಲ ಒಲೆಯೇರುವ ನಿಮ್ಮ ಸಣ್ಣ ತಪ್ಪಲೆಗೆ ಈ ಪಿಡುಗು ತಗಲುವ ಸಾಧ್ಯತೆಯೇ ಇಲ್ಲ. ಪ್ರತಿ ಸಲ ಹುಳಿ ಕುದಿಸಿದಾಗಲೂ ಅದು ಹೊಸದಾಗಿ ಬಿಳಿ ತವರದಿಂದಲೇ ಶುರುಮಾಡುತ್ತದೆ.

ಕೊಳದಪ್ಪಲೆ ಎರಡು ಚಳಿಗಾಲ ಒಲೆ ಕಾಣದೆ ಕೂತಿತ್ತು, ನಿಜ. ಆದರೂ ಅದಕ್ಕೆ ಎರಡು ರಕ್ಷಣೆಗಳಿವೆ. ಕಲಾಯಿ ಎಂದರೆ ಮಿಲಿಮೀಟರಿನ ನೂರರಲ್ಲೊಂದೆರಡು ಭಾಗದಷ್ಟು ತೆಳ್ಳಗಿನ ಪದರ. 20 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಎತ್ತರದ ಪಾತ್ರೆಯ ಒಳಮೈ ಸುಮಾರು 1,450 ಚದರ ಸೆಂಟಿಮೀಟರ್, ಅದಕ್ಕೆ 0.02 ಮಿಲಿಮೀಟರ್ ದಪ್ಪ ಹಚ್ಚಿದರೆ ಖರ್ಚಾಗುವ ತವರ 21 ಗ್ರಾಂ ಅಷ್ಟೆ. ಅಷ್ಟು ತೆಳ್ಳಗಿನ ಪದರ ಕೆಳಗಿನ ಗಟ್ಟಿ ಹಿತ್ತಾಳೆಗೆ ಬಿಗಿಯಾಗಿ ಅಂಟಿರುವಾಗ ಶೇ. 26 ಉಬ್ಬುವುದು ಸುಲಭವಲ್ಲ, ಹಿತ್ತಾಳೆ ಅದನ್ನು ಹಿಡಿದಿಡುತ್ತದೆ. ಎರಡನೆಯದಾಗಿ, ಬಿಸಿಯಲ್ಲಿ ಕಲಾಯಿ ಹಾಕುವಾಗಲೇ ತವರದ ಅಡಿಯ ಭಾಗ ಹಿತ್ತಾಳೆಯಲ್ಲಿರುವ ತಾಮ್ರದೊಡನೆ ಕೂಡಿ ಬೇರೆಯೇ ಸಂಯುಕ್ತವಾಗಿರುತ್ತದೆ. ಆ ಸಂಯುಕ್ತಕ್ಕೆ ಬೂದು ತವರದ ರೂಪವೇ ಇಲ್ಲ. ಅದರ ಬಣ್ಣ ಮಾತ್ರ ಮಂಕು ಬೂದು. ಮೇಲಿನ ಶುದ್ಧ ತವರ ಸವೆದಲ್ಲಿ, ಅಥವಾ ವರ್ಷಗಟ್ಟಲೆ ಬಿಸಿ ಉಂಡಲ್ಲಿ, ಈ ಬೂದು ಪದರ ಕಾಣಿಸಿಕೊಳ್ಳುತ್ತದೆ. ನೀವು ತಳದಲ್ಲಿ ಕಂಡ ನುಣುಪು ಮಚ್ಚೆಗಳು ಬಹುತೇಕ ಇವೇ. ಬೇಳೆ, ಈರುಳ್ಳಿ, ಇಂಗಿನ ಗಂಧಕ ತಾಗಿ ತವರ ಕಪ್ಪಿಡುವುದೂ ಹೀಗೆಯೇ ಕಾಣುತ್ತದೆ. ಎರಡರಿಂದಲೂ ಆರೋಗ್ಯಕ್ಕೆ ತೊಂದರೆಯಿಲ್ಲ, ಉಜ್ಜಿ ತೆಗೆಯಲು ಹೋಗಬೇಡಿ. ಉಜ್ಜಿದಷ್ಟೂ ಇರುವ ಕಲಾಯಿಯೂ ಹೋಗುತ್ತದೆ.

ಗುರುತಿಸುವುದು ಹೀಗೆ. ಕಣ್ಣು ಮುಚ್ಚಿ ಮಚ್ಚೆಯ ಮೇಲೆ ಬೆರಳಾಡಿಸಿ. ಬೂದು ತವರವಾದರೆ ನರುಲಿಯಂತೆ ಉಬ್ಬಿರಬೇಕು, ಉಗುರು ತಾಗಿಸಿದರೆ ಉದುರಬೇಕು, ಉದುರಿದ ಜಾಗದಲ್ಲಿ ಹಿತ್ತಾಳೆಯ ಹಳದಿ ಕಾಣಬೇಕು. ಚಪ್ಪಟೆಯಾಗಿ ನುಣುಪಾಗಿದ್ದರೆ ಅಲ್ಲ. ಇನ್ನು ಕಂಠದ ಬಿಳಿ ಪುಡಿ: ಅದನ್ನು ಒಂದು ಲೋಟ ಕುದಿಯುವ ನೀರಿಗೆ ಉದುರಿಸಿ. ಕರಗಿಹೋದರೆ ಉಪ್ಪು. ತಳಕ್ಕೆ ಕೂತರೆ ನೀರು ಬಸಿದು, ಕೂತದ್ದನ್ನು ಸ್ಟೀಲ್ ತಟ್ಟೆಯ ಮೇಲೆ ಚಮಚದ ಬೆನ್ನಿನಿಂದ ಒತ್ತಿ. ತವರದ ಕಣವಾದರೆ ಮಿನುಗುವ ಚೂರಾಗಿ ಚಪ್ಪಟೆಯಾಗುತ್ತದೆ, ಲೋಹದ ಕಿಲುಬಾದರೆ ಹಿಟ್ಟಿನಂತೆ ನುರಿಯುತ್ತದೆ. ಪುಡಿಯನ್ನು ನಾಲಿಗೆಗೆ ತಾಗಿಸಬೇಡಿ, ಕೈ ತೊಳೆದುಕೊಳ್ಳಿ.

ನನ್ನ ಅಂದಾಜಿನಲ್ಲಿ ಅದು ಉಪ್ಪು ಮತ್ತು ಕಿಲುಬು ಎರಡೂ ಸೇರಿದ್ದು. ನಿಮ್ಮ ಊರಿನಲ್ಲಿ ರಸ್ತೆಯ ಮಂಜು ಕರಗಿಸಲು ಉಪ್ಪು ಸುರಿಯುತ್ತಾರೆ. ಅದು ಕೆಸರಿನೊಡನೆ ಕಾರಿನ ಚಕ್ರಕ್ಕಂಟಿ ಗ್ಯಾರೇಜಿನೊಳಗೆ ಬರುತ್ತದೆ, ಕರಗುತ್ತದೆ, ಒಣಗುತ್ತದೆ, ಗಾಳಿಗೇಳುತ್ತದೆ. ಬಿಸಿ ಎಂಜಿನ್ ಒಳಬಂದಾಗಲೆಲ್ಲ ತಣ್ಣನೆಯ ಲೋಹದ ಮೇಲೆ ಗಾಳಿಯ ತೇವ ಬೆವರಿನಂತೆ ಕೂರುತ್ತದೆ. ನ್ಯೂಸ್‌ಪೇಪರ್ ಆ ತೇವವನ್ನು ಹಿಡಿದಿಟ್ಟುಕೊಂಡು ಪಾತ್ರೆಗೆ ಒತ್ತಿ ಕೂರಿಸುತ್ತದೆ. ಕಲಾಯಿಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಸಾಕು, ಉಪ್ಪುನೀರು ಒಳಗಿನ ಹಿತ್ತಾಳೆಗೆ ತಲುಪಿ, ಅದರ ಸತುವಿನಿಂದ ಬಿಳಿ ಪುಡಿಯನ್ನೂ ತಾಮ್ರದಿಂದ ಹಸಿರು ಕಿಲುಬನ್ನೂ ಹೊರಡಿಸುತ್ತದೆ. ಹಸಿರು ಚುಕ್ಕೆ ಅದಕ್ಕೆ ಸಾಕ್ಷಿ: ತವರದಿಂದ ಹಸಿರು ಬಣ್ಣ ಬರುವುದಿಲ್ಲ. ಅಂದರೆ ಅಲ್ಲಿ ಕಲಾಯಿ ತೂತಾಗಿದೆ. ಮರುಕಲಾಯಿ ಆಗುವತನಕ ಆ ಕೊಳದಪ್ಪಲೆಯಲ್ಲಿ ಹುಣಸೆ, ಟೊಮೆಟೊ, ನಿಂಬೆ, ಮಜ್ಜಿಗೆ ಬೀಳುವ ಯಾವ ಅಡುಗೆಯನ್ನೂ ಮಾಡಬೇಡಿ. ಹುಳಿಗೆ ತಾಮ್ರ ಕರಗಿ ವಾಕರಿಕೆ, ವಾಂತಿ ತರುತ್ತದೆ.

ಚೊಂಬಿನ ವಿಷಯ ಬೇರೆ. ಹಿರಿಯರಿಂದ ಬರುವ ವಸ್ತುಗಳಲ್ಲಿ ತವರದ ಚೊಂಬಿಗೆ ಇರುವ ಮಮತೆ ನನಗೆ ಗೊತ್ತು, ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಚೊಂಬು ಪೂರ್ತಿ ತವರದ್ದು. ಉಬ್ಬದಂತೆ ಹಿಡಿದಿಡಲು ಕೆಳಗೆ ಬೇರೆ ಲೋಹ ಇಲ್ಲ. ತವರ ಶುದ್ಧವಾಗಿದ್ದಷ್ಟೂ ಚಳಿಯ ಪಿಡುಗಿಗೆ ಸುಲಭದ ತುತ್ತು. ಬಿಸ್ಮತ್, ಆಂಟಿಮನಿ, ಸೀಸ ಇವು ಸ್ವಲ್ಪ ಬೆರೆತಿದ್ದರೂ ಬದಲಾವಣೆಯನ್ನು ತಡೆಯುತ್ತವೆ. ಇವತ್ತಿನ ಪ್ಯೂಟರ್ (ಬಹುಪಾಲು ತವರವೇ ಇರುವ ಮಿಶ್ರಲೋಹ) ಬಟ್ಟಲುಗಳಿಗೆ ಗಟ್ಟಿತನಕ್ಕೆಂದು ಆಂಟಿಮನಿಯನ್ನೂ ತಾಮ್ರವನ್ನೂ ಸೇರಿಸಿರುತ್ತಾರೆ, ಅದರಿಂದ ಈ ಲಾಭವೂ ಇದೆ. ಎರಡು ವಿನ್ನಿಪೆಗ್ ಚಳಿಗಾಲ ಕಳೆದೂ ನಿಮ್ಮ ಚೊಂಬಿನಲ್ಲಿ ಒಂದು ಬೊಕ್ಕೆಯೂ ಎದ್ದಿಲ್ಲ. ಇದಕ್ಕೆ ಎರಡು ಅರ್ಥವಿರಬಹುದು. ಮೊದಲ ಬೂದು ಕಣ ಇನ್ನೂ ಹುಟ್ಟಿಲ್ಲ ಎಂಬುದು ಒಂದು. ಚೊಂಬಿನಲ್ಲಿ ಬೇರೇನೋ ಬೆರೆತಿದೆ ಎಂಬುದು ಇನ್ನೊಂದು. ಚೊಂಬು ಬಚಾವಾದದ್ದಕ್ಕೆ ಸಂತೋಷಪಡುವ ಮೊದಲು ಎರಡನೆಯದನ್ನು ಪರೀಕ್ಷಿಸಬೇಕು, ಏಕೆಂದರೆ ಆ 'ಬೇರೇನೋ' ಸೀಸವಾಗಿರುವ ಸಾಧ್ಯತೆ ಹಳೆಯ ಚೊಂಬುಗಳಲ್ಲಿ ಇದ್ದೇ ಇದೆ. ತವರದ ಬೆಲೆ ಸೀಸದ ಹತ್ತು ಪಟ್ಟಿಗಿಂತ ಹೆಚ್ಚು; ಸೀಸ ಬೆರೆತರೆ ಲೋಹ ಕಡಿಮೆ ಬಿಸಿಗೇ ಕರಗಿ ಅಚ್ಚಿಗೆ ಸಲೀಸಾಗಿ ಇಳಿಯುತ್ತದೆ. ಹೆಸರಿನ ಗೊಂದಲವೂ ಇದೆ. ತಮಿಳಿನಲ್ಲಿ ಇದು ಈಯಚ್ಚೊಂಬು. ವೆಳ್ಳೀಯಂ ಎಂದರೆ ತವರ, ಕಾರೀಯಂ ಎಂದರೆ ಸೀಸ, ಬರೀ ಈಯ ಎಂದರೆ ಎರಡರಲ್ಲಿ ಯಾವುದೂ ಆಗಬಹುದು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಸಾಂದ್ರತೆಯದು. ಒಂದು ಗ್ರಾಂ ನಿಖರತೆಯ ಅಡುಗೆಮನೆ ತಕ್ಕಡಿ ಸಾಕು. ಒಣಗಿದ ಚೊಂಬನ್ನು ತೂಗಿ ಬರೆದುಕೊಳ್ಳಿ. ಚೊಂಬು ಪೂರ್ತಿ ಮುಳುಗುವಷ್ಟು ನೀರಿರುವ ಪ್ಲಾಸ್ಟಿಕ್ ಡಬ್ಬವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಚೊಂಬಿನ ಕಂಠಕ್ಕೆ ತೆಳು ದಾರ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಒಳಗೆ ಗಾಳಿಗುಳ್ಳೆ ಉಳಿಯಬಾರದು, ಓರೆಮಾಡಿ ಹೊರಡಿಸಿ. ಈಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ಚೊಂಬಿನ ಲೋಹದ ಗಾತ್ರ, ಘನ ಸೆಂಟಿಮೀಟರುಗಳಲ್ಲಿ. ತೂಕವನ್ನು ಅದರಿಂದ ಭಾಗಿಸಿ. 600 ಗ್ರಾಂ ಚೊಂಬು ಶುದ್ಧ ತವರದ್ದಾದರೆ ತಕ್ಕಡಿ ಸುಮಾರು 82 ತೋರಿಸಬೇಕು. ಶೇ. 10 ಸೀಸವಿದ್ದರೆ 79ರ ಹತ್ತಿರ, ಶೇ. 40 ಇದ್ದರೆ 70ರ ಹತ್ತಿರ. ಮೂರು ಸಲ ಮಾಡಿ ನೋಡಿ. ಸಾಂದ್ರತೆ 7.5 ದಾಟಿದರೆ ಆ ಚೊಂಬನ್ನು ದೇವರಮನೆಯಲ್ಲೋ ಷೋಕೇಸಿನಲ್ಲೋ ಇಡಿ, ಅದರಲ್ಲಿ ಸಾರು ಬೇಡ.

ಆದರೆ ಇದರ ಮಿತಿ ತಿಳಿದಿರಲಿ. ಶೇ. 5 ಸೀಸಕ್ಕೆ ವ್ಯತ್ಯಾಸ ಒಂದೂವರೆ ಗ್ರಾಂ ಮಾತ್ರ, ಕೈ ನಡುಗಿದರೆ ಹೋಯಿತು. ತವರಕ್ಕಿಂತ ಹಗುರವಾದ ಆಂಟಿಮನಿಯೂ ಜೊತೆಗಿದ್ದರೆ ಲೆಕ್ಕ ಸರಿದೂಗಿ ಮೋಸವಾಗುತ್ತದೆ. ಆದ್ದರಿಂದ ಈ ಪರೀಕ್ಷೆ ಕೆಟ್ಟ ಚೊಂಬನ್ನು ಹಿಡಿದುಕೊಡುತ್ತದೆ, ಒಳ್ಳೆಯದಕ್ಕೆ ಸರ್ಟಿಫಿಕೇಟ್ ಕೊಡುವುದಿಲ್ಲ. ಬಾಗಿಸಿದಾಗ ಕರಕರ ಸದ್ದು ಬಂದರೆ ಶುದ್ಧ ತವರ, ಕಾಗದದ ಮೇಲೆ ಗೀಚಿದರೆ ಕಪ್ಪು ಗೆರೆ ಬಂದರೆ ಸೀಸ ಎಂಬ ಹಳೆಯ ಪರೀಕ್ಷೆಗಳೂ ಅಷ್ಟೆ. ಸುಳ್ಳಲ್ಲ, ಆದರೆ ಸ್ವಲ್ಪ ಬೆರಕೆಯನ್ನು ಅವು ಹಿಡಿಯವು. ಅಂಗಡಿಯಲ್ಲಿ ಸಿಗುವ ಬಣ್ಣ ಬದಲಿಸುವ ಸ್ವಾಬ್‌ಗಳಲ್ಲಿ 'ಇದೆ' ಎಂದು ಬಂದರೆ ಗಂಭೀರವಾಗಿ ತೆಗೆದುಕೊಳ್ಳಿ, 'ಇಲ್ಲ' ಎಂದು ಬಂದರೆ ನೆಚ್ಚಿಕೊಳ್ಳಬೇಡಿ. ಚಿಕ್ಕ ಮಕ್ಕಳಿರುವ ಮನೆಗೆ ನನ್ನ ಸಲಹೆ ಒಂದೇ: ಎಕ್ಸ್-ರೇ ಹಾಯಿಸಿ ಯಾವ ಲೋಹ ಎಷ್ಟಿದೆ ಎಂದು ಹೇಳುವ ಎಕ್ಸ್-ರೇ ಫ್ಲೋರೆಸೆನ್ಸ್ ಯಂತ್ರದಲ್ಲಿ ತೋರಿಸಿ. ಕೆಲವೇ ನಿಮಿಷದ ಕೆಲಸ, ಪಾತ್ರೆಗೆ ಗೀರೂ ಬೀಳುವುದಿಲ್ಲ. ಊರಿನಲ್ಲಿ ಚಿನ್ನದ ಹಾಲ್‌ಮಾರ್ಕ್ ಕೇಂದ್ರಗಳು ಬಳಸುವುದು ಇದೇ ಬಗೆಯ ಯಂತ್ರ, ಆದರೆ ತವರದಲ್ಲಿನ ಸೀಸ ಓದುವಂತೆ ಅದನ್ನು ಹೊಂದಿಸಿದ್ದಾರೆಯೇ ಎಂದು ಕೇಳಿಕೊಳ್ಳಿ. ಒಂದು ಎಚ್ಚರಿಕೆ: ಕಲಾಯಿ ಪಾತ್ರೆಯನ್ನು ಹೀಗೆ ತೋರಿಸಿದರೆ ಕಿರಣ ತೆಳು ಪದರ ದಾಟಿ ಹಿತ್ತಾಳೆಯನ್ನೂ ಓದುತ್ತದೆ. ಎಷ್ಟೋ ಹಿತ್ತಾಳೆಯಲ್ಲಿ ಒಂದೆರಡು ಶೇಕಡಾ ಸೀಸ ಇರುತ್ತದೆ. ಹಾಗಾಗಿ ಆ ಸಂಖ್ಯೆ ಕಲಾಯಿಯದೋ ಹಿತ್ತಾಳೆಯದೋ ಹೇಳಲಾಗದು. ಕಲಾಯಿ ಸವೆದ ಹಿತ್ತಾಳೆಯಲ್ಲಿ ಹುಳಿ ಕುದಿಸಬೇಡಿ ಎನ್ನುವುದಕ್ಕೆ ಇದು ಇನ್ನೊಂದು ಕಾರಣ.

ಚೊಂಬು ಪರೀಕ್ಷೆಯಲ್ಲಿ ಗೆದ್ದರೆ ಇನ್ನು ಮುಂದೆ ಅದರ ಜಾಗ ಮನೆಯೊಳಗೆ, ಅಡುಗೆಮನೆಯ ಕಪಾಟಿನಲ್ಲಿ. 20 ಡಿಗ್ರಿ ಬೆಚ್ಚಗಿನ ಮನೆಯಲ್ಲಿ ಬೂದು ತವರ ಹುಟ್ಟುವುದೇ ಇಲ್ಲ. ಗ್ಯಾರೇಜಿನಲ್ಲಿ ಯಾವುದಾದರೂ ಬೂದು ಕಣ ಶುರುವಾಗಿತ್ತೇನೋ ಎಂಬ ಅನುಮಾನವಿದ್ದರೆ ಕುದಿಯುವ ನೀರು ತುಂಬಿಸಿ ಹತ್ತು ನಿಮಿಷ ಬಿಡಿ, ಮುಗಿಯಿತು. ಚೊಂಬಿಗೆ ದೊಡ್ಡ ಶತ್ರು ಚಳಿಯಲ್ಲ, ಉರಿ. ತವರ ಕರಗುವುದು 232 ಡಿಗ್ರಿಯಲ್ಲಿ. ಖಾಲಿ ಚೊಂಬು ಒಲೆಯ ಮೇಲೆ ಕೆಲವೇ ನಿಮಿಷದಲ್ಲಿ ಕರಗಿ ಕೂರುತ್ತದೆ. ಸಾರು ಹಾಕಿದ ಮೇಲೆಯೇ ಒಲೆಗೇರಿಸಬೇಕು, ನೊರೆ ಕಟ್ಟಿದ ಕೂಡಲೇ ಇಳಿಸಬೇಕು. ಇದೇ ಕಾರಣಕ್ಕೆ ಕಲಾಯಿ ಪಾತ್ರೆಯಲ್ಲೂ ಒಗ್ಗರಣೆ ಹಾಕಬಾರದು. ಕಾದ ಎಣ್ಣೆ ಆ ಉಷ್ಣತೆಯ ಹತ್ತಿರಕ್ಕೆ ಹೋಗುತ್ತದೆ, ತವರ ಜಾರಿ ತಳದಲ್ಲಿ ಹನಿಗಟ್ಟುತ್ತದೆ. ಒಗ್ಗರಣೆಗೆ ಕಬ್ಬಿಣದ ಸೌಟು ಇರಲಿ.

ಈಗ ಕೊಳದಪ್ಪಲೆಗೆ ಏನು ಮಾಡಬೇಕು? ನಿಮಗಿರುವ ದಾರಿಗಳಲ್ಲಿ ನನಗೆ ಸರಿಯೆನಿಸುವುದು, ಮುಂದಿನ ಸಲ ಊರಿಗೆ ಹೋದಾಗ ಕಲಾಯಿ ಹಾಕಿಸುವುದು. ಅಲ್ಲಿಯವರೆಗೆ ಅದು ಅಕ್ಕಿ ಡಬ್ಬವಾಗಿರಲಿ. ಕಲಾಯಿಯವರ ಕೈಗೆ ಕೊಡುವ ಮೊದಲು ಶೇ. 99.9 ಶುದ್ಧತೆಯ, ಸೀಸದ ಪ್ರಮಾಣ ನಮೂದಿಸಿದ ತವರವನ್ನು ನೀವೇ ಕೊಂಡು ಒಯ್ಯಿರಿ. ನಿಮ್ಮೆರಡು ಪಾತ್ರೆಗೆ 60 ಗ್ರಾಂ ಧಾರಾಳ. ಅದೇ ಕಡ್ಡಿಯನ್ನು ಬಳಸುವುದನ್ನು ಎದುರಿಗೆ ನಿಂತು ನೋಡಿ. ಹೊಳಪು ನೋಡಿ ತೀರ್ಮಾನಿಸಬೇಡಿ. ಸೀಸ ಬೆರೆತ ಬೆಸುಗೆ ಕಡ್ಡಿ 183 ಡಿಗ್ರಿಗೇ ಕರಗುವ ಹದದ್ದೂ ಇರುತ್ತದೆ, ಹಚ್ಚಿದ ದಿನ ಅದೂ ಕನ್ನಡಿಯಂತೆ ಹೊಳೆಯುತ್ತದೆ. ಹಳೆಯ ಕಲಾಯಿ ಯಾವ ತವರದ್ದೆಂದು ಗೊತ್ತಿಲ್ಲದಿದ್ದರೆ ಅದನ್ನು ಪೂರ್ತಿ ತೆಗೆಸಿಯೇ ಹೊಸದನ್ನು ಹಾಕಿಸಿ. ಇಲ್ಲವಾದರೆ ಹಳೆಯ ಸೀಸ ಹೊಸ ತವರದಲ್ಲಿ ಕರಗಿ ಸೇರಿಕೊಳ್ಳುತ್ತದೆ. ಹಾಂ, ಅಮ್ಮ ಹಾಕಿಸಿಕೊಟ್ಟ ಈಗಿನ ಕಲಾಯಿಯ ತವರದ ಬಗ್ಗೆಯೂ ಇದೇ ಪ್ರಶ್ನೆ ಕೇಳಬೇಕು. ಯಾರ ಬಳಿ ಹಾಕಿಸಿದ್ದು, ಕಡ್ಡಿ ಎಲ್ಲಿಯದು ಎಂದು ವಿಚಾರಿಸಿ. ಉತ್ತರ ಸಿಗದಿದ್ದರೆ ಸಣ್ಣ ತಪ್ಪಲೆಯಲ್ಲೂ ಹುಳಿ ಪದಾರ್ಥ ನಿಲ್ಲಿಸಿ, ಎರಡನ್ನೂ ಒಟ್ಟಿಗೆ ಮಾಡಿಸಿ. ಮೂರು ವರ್ಷದಿಂದ ಅದರಲ್ಲೇ ಅಡುಗೆಯಾಗಿದೆ ಎಂಬ ಆತಂಕವಿದ್ದರೆ ಮಕ್ಕಳ ವೈದ್ಯರಿಗೆ ಹೇಳಿ ರಕ್ತದ ಸೀಸ ಪರೀಕ್ಷೆ ಮಾಡಿಸಬಹುದು. ಅದು ಸಾಮಾನ್ಯ ಪರೀಕ್ಷೆ.

ಉತ್ತರ ಅಮೆರಿಕದಲ್ಲೂ ತಾಮ್ರದ ಪಾತ್ರೆಗೆ ಕಲಾಯಿ ಹಾಕುವ ವೃತ್ತಿನಿರತರಿದ್ದಾರೆ. ಸಾಗಣೆ ಖರ್ಚು ಹೆಚ್ಚು, ಹಿತ್ತಾಳೆಯನ್ನು ಕೆಲವರು ಒಪ್ಪುವುದಿಲ್ಲ. ಕಳಿಸುವ ಮೊದಲೇ ಕೇಳಿ.

ಮನೆಯಲ್ಲೇ ಹಾಕುತ್ತೇನೆ ಎನ್ನುವವರೂ ಇದ್ದಾರೆ. ವಿಧಾನ ಗುಟ್ಟೇನಲ್ಲ, ಆದರೆ ಹಳೆಯ ಕಲಾಯಿಯಲ್ಲಿ ಸೀಸವಿಲ್ಲ ಎಂದು ಖಚಿತವಾದರೆ ಮಾತ್ರ ಕೈಹಾಕಬೇಕು, ಅದೂ ಬಯಲಿನಲ್ಲಿ. ಲೀಟರ್ ನೀರಿಗೆ 30 ಗ್ರಾಂ ವಾಷಿಂಗ್ ಸೋಡಾ ಹಾಕಿ ಪಾತ್ರೆಯಲ್ಲಿ ಕುದಿಸಿ ಜಿಡ್ಡು ತೆಗೆಯಬೇಕು. ತೊಳೆದು, ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಮ್ಲದ ನೀರನ್ನು ಕಾಲು ಗಂಟೆ ಬಿಟ್ಟು, ಕಿಲುಬು ಹೋಗಿ ಹಳದಿ ಮಿನುಗುವಂತೆ ಉಜ್ಜಬೇಕು. ಹೊರಮೈಗೆ ತವರ ಹತ್ತದಂತೆ ಸುಣ್ಣದ ಪುಡಿಯ ತೆಳು ಲೇಪ ಬಳಿದು ಒಣಗಿಸಬೇಕು. ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ತಿರುಗಿಸುತ್ತಾ ಕಾಯಿಸಿ, ಒಳಗೆ ಅರ್ಧ ಚಮಚ ನವಸಾಗರದ (ಅಮೋನಿಯಂ ಕ್ಲೋರೈಡ್) ಪುಡಿ ಉದುರಿಸಬೇಕು. ಅದು ಬಿಸಿಗೆ ಒಡೆದು ಹೊರಬರುವ ಆಮ್ಲದ ಹೊಗೆ ಲೋಹದ ಮೇಲಿನ ಆಕ್ಸೈಡ್ ಪೊರೆಯನ್ನು ತಿನ್ನುತ್ತದೆ. ಆಗಲೇ ತವರದ ಕಡ್ಡಿ ತಾಗಿಸಿದರೆ ಕರಗಿ ಹಿಡಿಯುತ್ತದೆ. ಇಕ್ಕಳದ ತುದಿಯ ಒಣ ಹತ್ತಿಯಿಂದ ತಡಮಾಡದೆ ಸುತ್ತಲೂ ಸವರಬೇಕು. ಹತ್ತಿ ತೇವವಿದ್ದರೆ ಕರಗಿದ ತವರ ಸಿಡಿಯುತ್ತದೆ, ನೈಲಾನ್ ಬಟ್ಟೆಯಾದರೆ ಅದೇ ಕರಗುತ್ತದೆ. ತವರ ಹನಿಹನಿಯಾಗಿ ಉರುಳಿ ಹಿಡಿಯದಿದ್ದರೆ ಜಿಡ್ಡು ಉಳಿದಿದೆ. ಮುದ್ದೆಯಾಗಿ ನಿಂತರೆ ಬಿಸಿ ಸಾಲದು. ಹಳದಿ, ನೀಲಿ ಛಾಯೆ ಬಂದರೆ ಬಿಸಿ ಹೆಚ್ಚಾಯಿತು. ಹಿಡಿ ಅಥವಾ ಅಂಚಿನೊಳಗೆ ಟೊಳ್ಳು ಇರುವ ಪಾತ್ರೆಯನ್ನು ಹೀಗೆ ಕಾಯಿಸಲೇಬಾರದು, ಒಳಗೆ ಸಿಕ್ಕಿದ ನೀರು ಆವಿಯಾಗಿ ಒಡೆಯಬಹುದು. ಹೊಗೆ ಗಂಟಲಿಗೂ ಶ್ವಾಸಕೋಶಕ್ಕೂ ಕೆಟ್ಟದ್ದು. ಅಸ್ತಮಾ ಇರುವವರು, ಮಕ್ಕಳು ಹತ್ತಿರ ಇರಬಾರದು. ಕೊನೆಗೆ ಎರಡು ಸಲ ಸೋಡಾ ನೀರು ಕುದಿಸಿ ಚೆಲ್ಲಿದ ಮೇಲೆಯೇ ಅಡುಗೆ. ನನ್ನನ್ನು ಕೇಳಿದರೆ ಮೊದಲ ಪ್ರಯತ್ನ ಅಮ್ಮ ಕೊಟ್ಟ ಪಾತ್ರೆಯ ಮೇಲೆ ಬೇಡ.

ತವರ ಸ್ವತಃ ಹೊಟ್ಟೆಗೆ ಹೋದರೆ? ಲೋಹದ ತವರವನ್ನು ದೇಹ ತೀರಾ ಕಡಿಮೆ ಹೀರಿಕೊಳ್ಳುತ್ತದೆ. ಡಬ್ಬದಲ್ಲಿ ತುಂಬಿದ ಆಹಾರಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಕಿಲೋಗೆ 250 ಮಿಲಿಗ್ರಾಂ. ಅದಕ್ಕಿಂತ ತುಂಬಾ ಹೆಚ್ಚಾದರೆ ಹೊಟ್ಟೆ ಕೆಡುತ್ತದೆ. ಆ ಮಟ್ಟಕ್ಕೆ ಹೋಗದಿರಲು ಒಂದು ಅಭ್ಯಾಸ ಸಾಕು: ಅಡುಗೆಯಾದ ಮೇಲೆ ಹುಳಿಯನ್ನು ಸ್ಟೀಲ್ ಅಥವಾ ಗಾಜಿನ ಪಾತ್ರೆಗೆ ಬಗ್ಗಿಸಿ. ಕಲಾಯಿ ಪಾತ್ರೆಯನ್ನು ಫ್ರಿಜ್ಜಿನಲ್ಲಿಡಬೇಡಿ ಎನ್ನುವುದೂ ಇದಕ್ಕೇ, ಫ್ರಿಜ್ಜಿನ ಚಳಿಗಲ್ಲ. ಡಿಷ್‌ವಾಷರಿನ ಕಡು ಕ್ಷಾರವೂ ತವರವನ್ನು ತಿನ್ನುತ್ತದೆ. ಒಳಮೈಗೆ ಮೆದು ಸ್ಪಂಜು, ಸಾಧಾರಣ ಸೋಪು; ಹುಣಸೆಹಣ್ಣು, ಬೂದಿ ಏನಿದ್ದರೂ ಹೊರಮೈಗೆ.

ಚಳಿಯಲ್ಲಿರುವ ಪಾತ್ರೆಯನ್ನು ಇನ್ನೊಮ್ಮೆ ಮನೆಯೊಳಗೆ ತರಬೇಕಾಗಿ ಬಂದರೆ, ಗ್ಯಾರೇಜಿನಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು ತನ್ನಿ, ನಾಲ್ಕೈದು ಗಂಟೆ ಬಿಚ್ಚಬೇಡಿ. ತೇವ ಚೀಲದ ಹೊರಗೆ ಕೂರುತ್ತದೆ, ಪಾತ್ರೆ ಒಣಗಿದ್ದೇ ಉಳಿಯುತ್ತದೆ. ಸುತ್ತಿಡಲು ನ್ಯೂಸ್‌ಪೇಪರ್ ಬದಲು ಹಳೆಯ ಹತ್ತಿ ಪಂಚೆ ಬಳಸಿ.